ಮದ್ದು ಬಂದಿದೆ, ಕಾಯಿಲೆಯ ಹೆಸರು ಬಂದಿಲ್ಲ: ಲಿನಕ್ಸ್ ಕರ್ನಲ್‌ನಲ್ಲಿ ಈ ಅವಸರ ಯಾಕೆ?

ಮೈಸೂರು, ಜನವರಿ 3, 2018

ಹೊಸ ವರ್ಷದ ಮೊದಲ ವಾರವೇ ಕಂಪ್ಯೂಟರ್ ಲೋಕದಲ್ಲಿ ಅಂತೆಕಂತೆ ಜೋರಾಗಿದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ದೊಡ್ಡದೊಂದು ಭದ್ರತಾ ದೋಷ ಇದೆಯಂತೆ. ಹತ್ತು ವರ್ಷದ ಹಿಂದಿನ ಚಿಪ್‌ಗಳಲ್ಲೂ ಇದೆಯಂತೆ. ಸರಿ ಮಾಡಲು ಹೋದರೆ ಮಷೀನು ಶೇ 30ರಷ್ಟು ನಿಧಾನ ಆಗುತ್ತದಂತೆ. ದೋಷ ಏನು ಅಂತ ಮಾತ್ರ ಯಾರೂ ಹೇಳುತ್ತಿಲ್ಲ.

ಇದರ ಜೊತೆಗೆ ಇನ್ನೆರಡು ಸುದ್ದಿ ಸೇರಿಕೊಂಡಿವೆ. ಈ ಶುಕ್ರವಾರ ಒಂದು ದೊಡ್ಡ ಭದ್ರತಾ ಅಪ್‌ಡೇಟ್ ಬರಲಿದೆ ಎಂದು ಅಮೆಜಾನ್ ತನ್ನ ಕ್ಲೌಡ್ ಗ್ರಾಹಕರಿಗೆ ಇಮೇಲ್ ಕಳಿಸಿದೆ. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲೂ ಜನವರಿ 10ಕ್ಕೆ ರೀಬೂಟ್ ಇದೆ. ಹೆಬ್ಬಾಳದಲ್ಲೋ ವಿಜಯನಗರದಲ್ಲೋ ಹತ್ತು ಜನ ಇಟ್ಟುಕೊಂಡು ಸಾಫ್ಟ್‌ವೇರ್ ಕಂಪನಿ ನಡೆಸುವವರಿಗೆ ಇದು ತಲೆ ಕೆರೆದುಕೊಳ್ಳುವ ವಿಷಯ. ಸರ್ವರ್ ಯಾಕೆ ರೀಬೂಟ್ ಆಗಬೇಕು? ಹೇಳಲ್ಲ. ಎಷ್ಟು ನಿಧಾನ ಆಗುತ್ತದೆ? ಅದನ್ನೂ ಹೇಳಲ್ಲ.

ಆದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಕೋಡ್ ಎಲ್ಲರ ಕಣ್ಣೆದುರಿಗೇ ಇದೆ. ಕಾಯಿಲೆಯನ್ನು ಮುಚ್ಚಿಡಬಹುದು, ಮದ್ದನ್ನು ಮುಚ್ಚಿಡೋಕೆ ಆಗುವುದಿಲ್ಲ. ವೈದ್ಯರು ಬಾಯಿ ಬಿಡದಿದ್ದರೂ ಚೀಟಿಯಲ್ಲಿ ಬರೆದ ಮಾತ್ರೆ ನೋಡಿ ಮೆಡಿಕಲ್ ಸ್ಟೋರಿನವರು ಕಾಯಿಲೆ ಊಹಿಸುತ್ತಾರಲ್ಲ, ಇಲ್ಲೂ ಆ ಕೆಲಸವನ್ನೇ ಮಾಡಬಹುದು.

ಕಣ್ಣಿಗೆ ಕಾಣುತ್ತಿರುವುದು ಎಷ್ಟು?

ಕಥೆ ಶುರುವಾಗುವುದು ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ಡೇನಿಯಲ್ ಗ್ರುಸ್ ಮತ್ತು ಸಂಗಡಿಗರು 2017ರಲ್ಲಿ 'ಕೈಸರ್' ಎಂಬ ಒಂದು ತಿದ್ದುಪಡಿ ಮುಂದಿಟ್ಟರು. ಪ್ರೋಗ್ರಾಮುಗಳು ಓಡುವಾಗ ಅವುಗಳ ಮೆಮೊರಿ ನಕ್ಷೆಯಲ್ಲಿ (ಯಾವ ವಿಳಾಸದಲ್ಲಿ ಏನಿದೆ ಎಂಬ ಪಟ್ಟಿಯಲ್ಲಿ) ಕರ್ನಲ್ ಇರಲೇಬಾರದು ಎನ್ನುವುದು ಅದರ ಸಾರ. ಅಕ್ಟೋಬರ್ ಕೊನೆಗೆ ಅದನ್ನು ಪರಿಷ್ಕರಿಸಿ ಲಿನಕ್ಸ್ ಬಳಗದ ಮುಂದೆ ತಂದವರು ಡೇವ್ ಹ್ಯಾನ್ಸನ್. ಅವರು ಇಂಟೆಲ್ ಕಂಪನಿಯ ಎಂಜಿನಿಯರ್. ಇದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಥಾಮಸ್ ಗ್ಲೈಕ್ಸ್‌ನರ್, ಇಂಗೋ ಮೋಲ್ನಾರ್, ಆಂಡಿ ಲುಟೊಮಿರ್ಸ್ಕಿ ಅಂಥ ಹಳೇ ಕೈಗಳೆಲ್ಲ ಸೇರಿ ಹಗಲು ರಾತ್ರಿ ಅದನ್ನು ತಿದ್ದಿದರು. ಹೆಸರೂ ಬದಲಾಯಿತು. ಈಗ ಅದು ಕೆಪಿಟಿಐ, ಅಂದರೆ ಕರ್ನಲ್ ಪೇಜ್ ಟೇಬಲ್ ಐಸೊಲೇಶನ್. (ನಡುವೆ ಸೂಚಿಸಿದ್ದ ಇನ್ನೊಂದು ಹೆಸರು ಮನೆಮಂದಿಯೆಲ್ಲ ಓದುವ ಲೇಖನದಲ್ಲಿ ಬರೆಯುವಂಥದ್ದಲ್ಲ. ಆ ಕೆಲಸ ಮಾಡಿದವರ ಮನಸ್ಥಿತಿ ಎಷ್ಟು ಬಿಸಿಯಾಗಿತ್ತು ಅಂತ ಅದರಿಂದಲೇ ಗೊತ್ತಾಗುತ್ತದೆ.)

ಇಲ್ಲಿ ಮುಖ್ಯವಾದದ್ದು ದಿನಾಂಕ. ಲಿನಕ್ಸ್‌ನಲ್ಲಿ ಹೊಸ ಆವೃತ್ತಿಗೆ ದೊಡ್ಡ ಬದಲಾವಣೆ ಸೇರಿಸಲು ಸುಮಾರು ಎರಡು ವಾರದ ಬಾಗಿಲು ತೆರೆಯುತ್ತದೆ. ಅದು ಮುಚ್ಚಿದ ಮೇಲೆ ಬರೀ ತಪ್ಪು ತಿದ್ದುವ ಕೆಲಸ. 4.15 ಆವೃತ್ತಿಗೆ ಆ ಬಾಗಿಲು ನವೆಂಬರ್ ಕೊನೆಗೇ ಮುಚ್ಚಿತ್ತು. ಹಾಗಿದ್ದೂ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಈ ಭಾರೀ ಬದಲಾವಣೆಯನ್ನು ಡಿಸೆಂಬರ್ ಕೊನೆಯ ದಿನಗಳಲ್ಲಿ ಒಳಗೆ ಬಿಟ್ಟುಕೊಂಡರು. ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವೆ, ಅರ್ಧ ಜಗತ್ತು ರಜೆಯಲ್ಲಿದ್ದಾಗ! ಅಷ್ಟು ಸಾಲದು ಎಂಬಂತೆ ಜನ ಈಗಾಗಲೇ ಬಳಸುತ್ತಿರುವ 4.14 ಸರಣಿಗೂ ಅದನ್ನು ಹಾಕಿದರು. 4.14.11ರಲ್ಲಿ ಅದು ಬಂದಿದೆ.

ಶೇ 1ರಷ್ಟು ನಿಧಾನ ಆದರೂ ಪ್ಯಾಚನ್ನು, ಅಂದರೆ ಕೋಡಿನ ತಿದ್ದುಪಡಿಯನ್ನು, ವಾಪಸ್ ಕಳಿಸುವ ಜನ ಇವರು. ಹ್ಯಾನ್ಸನ್ ತಾವೇ ಕೊಟ್ಟ ಲೆಕ್ಕದಲ್ಲಿ ಸಾಮಾನ್ಯ ಕೆಲಸಕ್ಕೆ ಸುಮಾರು ಶೇ 5ರಷ್ಟು ಹೊಡೆತ ಇತ್ತು, ಒಂದು ನೆಟ್‌ವರ್ಕ್ ಪರೀಕ್ಷೆಯಲ್ಲಿ ಶೇ 30ರಷ್ಟು. ಅಂಥದ್ದನ್ನು ಹೊತ್ತಲ್ಲದ ಹೊತ್ತಿನಲ್ಲಿ, ಜಾಸ್ತಿ ವಿವರಣೆ ಇಲ್ಲದೆ ಒಪ್ಪಿಕೊಂಡಿದ್ದಾರೆ. ಮದ್ದು ಇಷ್ಟು ಕಹಿ ಅಂದರೆ ಕಾಯಿಲೆ ನೆಗಡಿ ಆಗಿರಲಾರದು.

ಒಂದೇ ಹಾಲ್, ನಡುವೆ ಒಂದು ಗಾಜು

ಈ ಮದ್ದು ಮಾಡುವ ಕೆಲಸ ಏನು? ತಾಲೂಕು ಕಚೇರಿಯ ಹಾಲ್ ಒಂದನ್ನು ನೆನೆಸಿಕೊಳ್ಳಿ. ಮುಂದುಗಡೆ ಪಹಣಿಗೆ ಬಂದ ರೈತರು. ನಡುವೆ ಗಾಜಿನ ಕೌಂಟರ್. ಅದರಾಚೆ ಕೇಸ್ ವರ್ಕರ್, ಅವರ ಹಿಂದೆ ಊರಿನ ಎಲ್ಲರ ಕಡತ ಇರುವ ಬೀರುಗಳು. ರೈತನಿಗೆ ಬೀರು ಕಾಣುತ್ತದೆ, ಕೈ ಹಾಕುವಂತಿಲ್ಲ. ಚೀಟಿ ಕೊಟ್ಟರೆ ಕೇಸ್ ವರ್ಕರ್ ತಿರುಗಿ ಕಡತ ತೆಗೆದುಕೊಡುತ್ತಾರೆ. ಎರಡೇ ಹೆಜ್ಜೆ, ಕೆಲಸ ಬೇಗ ಮುಗಿಯುತ್ತದೆ.

ಕಂಪ್ಯೂಟರಿನಲ್ಲಿ ಕೇಸ್ ವರ್ಕರ್ ಅಂದರೆ ಕರ್ನಲ್. ಡಿಸ್ಕ್, ನೆಟ್‌ವರ್ಕ್, ಕೀಬೋರ್ಡ್, ಮೆಮೊರಿ ಎಲ್ಲ ಅದರ ಕೈಯಲ್ಲಿ. ನಮ್ಮ ಬ್ರೌಸರು, ಟ್ಯಾಲಿ, ನುಡಿ ಎಲ್ಲ ಕೌಂಟರಿನ ಮುಂದೆ ನಿಂತವರು. ಫೈಲ್ ಬೇಕೆಂದರೆ ಕರ್ನಲ್‌ಗೆ ಚೀಟಿ ಕೊಡಬೇಕು. ಇದಕ್ಕೆ ಸಿಸ್ಟಂ ಕಾಲ್ ಅಂತ ಹೆಸರು.

ವೇಗಕ್ಕೋಸ್ಕರ ಪ್ರತಿ ಪ್ರೋಗ್ರಾಮಿನ ಮೆಮೊರಿ ನಕ್ಷೆಯೊಳಗೇ ಕರ್ನಲ್ಲನ್ನೂ ಇಟ್ಟಿರುವುದು ಬಹಳ ಹಳೆಯ ಪದ್ಧತಿ. 32 ಬಿಟ್ ಲಿನಕ್ಸ್‌ನಲ್ಲಿ 4 ಜಿಬಿ ವಿಳಾಸಗಳಿದ್ದರೆ ಸಾಮಾನ್ಯವಾಗಿ ಕೆಳಗಿನ 3 ಜಿಬಿ ಪ್ರೋಗ್ರಾಮಿಗೆ, ಮೇಲಿನ 1 ಜಿಬಿ ಕರ್ನಲ್‌ಗೆ. 64 ಬಿಟ್‌ನಲ್ಲಿ ಮೇಲಿನ ಅರ್ಧ ಕರ್ನಲ್ಲಿನದು. ಕರ್ನಲ್ಲಿನ ಪ್ರತಿ ಪುಟದ (ಮೆಮೊರಿಯ ತುಂಡಿನ) ಮೇಲೂ 'ಇದು ಕರ್ನಲ್‌ಗೆ ಮಾತ್ರ' ಅಂತ ಒಂದು ಗುರುತು ಇರುತ್ತದೆ. ಪ್ರೋಗ್ರಾಂ ಅದನ್ನು ಮುಟ್ಟಲು ಹೋದರೆ ಪ್ರೊಸೆಸರ್ ತಡೆಯುತ್ತದೆ. ಆ ಗುರುತೇ ನಮ್ಮ ಗಾಜು. ಅದನ್ನು ಕಾಯುವುದು ಸಾಫ್ಟ್‌ವೇರ್ ಅಲ್ಲ, ಚಿಪ್ಪೇ.

ಕೆಪಿಟಿಐ ಮಾಡುವುದಿಷ್ಟೇ: ಬೀರುಗಳನ್ನೆಲ್ಲ ಎತ್ತಿ ಬೇರೆ ಕಟ್ಟಡದಲ್ಲಿ ಇಡುತ್ತದೆ. ಹಾಲ್‌ನಲ್ಲಿ ಉಳಿಯುವುದು ಬಾಗಿಲ ಬಳಿಯ ಒಂದು ಮೇಜು ಮಾತ್ರ. ಯಾರೇ ಚೀಟಿ ಕೊಡಲಿ, ಕೇಸ್ ವರ್ಕರ್ ಆ ಕಟ್ಟಡಕ್ಕೆ ಹೋಗಿ ಬರಬೇಕು.

ಇದರಿಂದಲೇ ನಿಧಾನ. ಓಡಾಟ ಒಂದು ಕಡೆ, ಇನ್ನೊಂದು ಒಳಹೊಡೆತವೂ ಇದೆ. ಯಾವ ಕಡತ ಯಾವ ಬೀರಿನಲ್ಲಿದೆ ಅಂತ ಕೇಸ್ ವರ್ಕರ್ ಜೇಬಿನಲ್ಲಿ ಚೀಟಿಗಳನ್ನು ಇಟ್ಟುಕೊಂಡಿರುತ್ತಾರೆ ಅನ್ನಿ. ಪ್ರೊಸೆಸರಿನಲ್ಲಿ ಇದಕ್ಕೆ ಟಿಎಲ್‌ಬಿ ಅನ್ನುತ್ತಾರೆ. ಕಟ್ಟಡ ಬದಲಾದಾಗಲೆಲ್ಲ ಆ ಚೀಟಿಗಳನ್ನು ಹರಿದು ಹಾಕಿ ಹೊಸದಾಗಿ ಹುಡುಕಬೇಕು. 2010ರಿಂದೀಚೆಗೆ ಇಂಟೆಲ್‌ನ ಚಿಪ್‌ಗಳಲ್ಲಿ ಪಿಸಿಐಡಿ ಎಂಬ ಸೌಲಭ್ಯ ಬಂದಿದೆ. ಚೀಟಿಯ ಮೇಲೆ ಕಟ್ಟಡದ ನಂಬರ್ ಬರೆದುಕೊಂಡ ಹಾಗೆ ಅದು. ಹರಿದು ಹಾಕುವ ಗೋಜಿಲ್ಲ, ಹಾಗಾಗಿ ಹೊಡೆತ ಕಡಿಮೆ. ಕೋರ್ 2 ಡುಯೊ ಕಾಲದ ಹಳೇ ಮಷೀನುಗಳಲ್ಲಿ ಆ ಸೌಲಭ್ಯ ಇಲ್ಲ. ಈ ಪಿಸಿಐಡಿಯನ್ನು ಬಳಸುವ ಕೋಡ್ ಲಿನಕ್ಸ್‌ಗೆ ಸೇರಿದ್ದು ಕೂಡ 4.14ರಲ್ಲಿ, ಅಂದರೆ ಮೊನ್ನೆಮೊನ್ನೆ ನವೆಂಬರಿನಲ್ಲಿ. ಕಾಕತಾಳೀಯವೂ ಇರಬಹುದು. ಆದರೂ ಹುಬ್ಬೇರುತ್ತದೆ.

ಗಾಜು ಇದ್ದ ಮೇಲೆ ಬೀರು ಸಾಗಿಸಿದ್ದು ಯಾಕೆ?

ಅಧಿಕೃತವಾಗಿ ಕೊಟ್ಟಿರುವ ಕಾರಣ ಸಾಧಾರಣದ್ದು. ದಾಳಿಕೋರರಿಗೆ ಸಿಗದಿರಲಿ ಅಂತ ಕರ್ನಲ್ ಪ್ರತಿ ಸಲ ಬೂಟ್ ಆದಾಗಲೂ ಬೇರೆ ಬೇರೆ ವಿಳಾಸದಲ್ಲಿ ಕೂರುತ್ತದೆ. ಕೆಎಎಸ್‌ಎಲ್‌ಆರ್ ಎಂದು ಅದರ ಹೆಸರು. ಗಾಜಿನಾಚೆ ಬೀರು ಎಲ್ಲಿದೆ ಎಂದು ಪ್ರೊಸೆಸರಿನ ಸಮಯ ಅಳೆದು ಪತ್ತೆ ಮಾಡುವ ದಾರಿಗಳು ಇವೆ, ಅದನ್ನು ತಪ್ಪಿಸಲು ಈ ತಿದ್ದುಪಡಿ ಎನ್ನುವುದು ಗ್ರಾಜ್ ತಂಡದ ಪ್ರಬಂಧದ ವಾದ.

ಇದನ್ನು ಪೂರ್ತಿ ನಂಬುವವರಿದ್ದಾರೆ. ಅವರ ಪ್ರಕಾರ ಹೊಸದೇನೂ ಇಲ್ಲ, ಸುಮ್ನೆ ಗಾಬರಿ ಹುಟ್ಟಿಸುತ್ತಿದ್ದಾರೆ. ಆದರೆ ಈ ವಾದಕ್ಕೆ ಕಾಲಿಲ್ಲ. ಕೆಎಎಸ್‌ಎಲ್‌ಆರ್ ಮುರಿಯಬಹುದು ಎಂದು ಸಂಶೋಧಕರು 2013ರಿಂದಲೇ ತೋರಿಸುತ್ತಾ ಬಂದಿದ್ದಾರೆ. ಆಗೆಲ್ಲ ಕರ್ನಲ್ ಬಳಗ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕು ವರ್ಷ ಸುಮ್ಮನಿದ್ದವರು ಎರಡೇ ತಿಂಗಳಲ್ಲಿ ಮನೆಯನ್ನೇ ಬೇರೆ ಕಡೆ ಕಟ್ಟುತ್ತಾರೆ ಅಂದರೆ, ಬೀರಿನ ವಿಳಾಸ ಗೊತ್ತಾಗುವುದಕ್ಕಿಂತ ಕೆಟ್ಟದ್ದೇನೋ ಆಗಿದೆ. ಬೀರಿನೊಳಗಿನ ಕಡತವನ್ನೇ ಗಾಜಿನ ಮೂಲಕ ಓದಲು ಬರುತ್ತಿದೆಯೇ?

ಈ ಊಹೆಗೆ ದೊಡ್ಡ ಸುಳಿವು ಕೊಟ್ಟಿದ್ದು ಇಂಟೆಲ್‌ನ ಎದುರಾಳಿ ಎಎಮ್‌ಡಿ. ಡಿಸೆಂಬರ್ 26ರಂದು ಆ ಕಂಪನಿಯ ಎಂಜಿನಿಯರ್ ಟಾಮ್ ಲೆಂಡಾಕಿ ಲಿನಕ್ಸ್‌ಗೆ ಒಂದು ಪುಟ್ಟ ಪ್ಯಾಚ್ ಕಳಿಸಿದರು. ಕೆಪಿಟಿಐ ಯಾವ ಬಗೆಯ ದಾಳಿಯಿಂದ ಕಾಪಾಡುತ್ತದೋ ಅದು ನಮ್ಮ ಚಿಪ್‌ಗಳಿಗೆ ತಾಗುವುದಿಲ್ಲ, ನಮ್ಮನ್ನು ಬಿಟ್ಟುಬಿಡಿ ಎನ್ನುವುದು ಅದರ ಸಾರ. ಕಾರಣವನ್ನೂ ಬರೆದಿದ್ದಾರೆ. ಕಡಿಮೆ ಅಧಿಕಾರದ ಕೋಡ್ ಹೆಚ್ಚಿನ ಅಧಿಕಾರದ ಮೆಮೊರಿಯನ್ನು ಮುಟ್ಟುವುದಕ್ಕೆ, ಊಹೆಯ ಮೇಲೆ ಮುಟ್ಟುವುದಕ್ಕೂ, ನಮ್ಮ ಚಿಪ್ ಬಿಡುವುದಿಲ್ಲ ಎಂದು.

ಎಲ್ಲರ ಕಿವಿ ನೆಟ್ಟಗಾಗಿದ್ದು ಆ 'ಊಹೆಯ ಮೇಲೆ' ಎಂಬ ಮಾತಿಗೆ.

ಚೀಟಿ ಬರುವ ಮೊದಲೇ ಎಣ್ಣೆ ಕಾಯಿಸುವ ಭಟ್ಟರು

ಇವತ್ತಿನ ಪ್ರೊಸೆಸರ್‌ಗಳು ಒಂದಾದ ಮೇಲೊಂದು ಅಂತ ಕಾಯುತ್ತಾ ಕೂರುವುದಿಲ್ಲ. ಮುಂದೆ ಏನು ಬೇಕಾಗಬಹುದು ಎಂದು ಊಹಿಸಿ ಆ ಕೆಲಸ ಮೊದಲೇ ಮಾಡಿಡುತ್ತವೆ. ಊಹೆ ಸರಿಯಾದರೆ ಸಮಯ ಉಳಿಯಿತು. ತಪ್ಪಾದರೆ ಮಾಡಿದ್ದನ್ನು ಅಳಿಸಿ ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತವೆ. ಏನೂ ಆಗಿಲ್ಲವೇ ಎನ್ನುವುದೇ ಪ್ರಶ್ನೆ.

ಭಾನುವಾರ ಬೆಳಿಗ್ಗೆ ಮೈಸೂರಿನ ಒಂದು ತುಂಬಿದ ಹೋಟೆಲ್. ಫ್ಯಾಮಿಲಿ ರೂಮಿನಲ್ಲಿ ಕೂತವರು ಏನು ತಿಂದರು ಅನ್ನೋದು ಗುಟ್ಟು ಎಂದಿಟ್ಟುಕೊಳ್ಳಿ. ನೀವು ಹೊರಗೆ ಕೂತು ಸಪ್ಲೈಯರ್‌ಗೆ, "ಫ್ಯಾಮಿಲಿ ರೂಮಿನವರು ತಿಂದಿದ್ದನ್ನೇ ನನಗೂ ಕೊಡಪ್ಪ" ಅನ್ನುತ್ತೀರಿ. ಗಲಾಟೆ ಟೈಮು. ಸಪ್ಲೈಯರ್ ಮೊದಲು ಒಳಗೆ ಕೂಗಿ, ಆಮೇಲೆ ಮ್ಯಾನೇಜರನ್ನು ಕೇಳುತ್ತಾನೆ. ಭಟ್ಟರು ಅಷ್ಟರಲ್ಲಿ ಕೆಲಸ ಶುರು ಮಾಡಿಯಾಗಿದೆ. ಮ್ಯಾನೇಜರ್, "ಅದೆಲ್ಲ ಕೊಡೋಕಾಗಲ್ಲ, ಕ್ಯಾನ್ಸಲ್" ಅನ್ನುತ್ತಾರೆ. ತಟ್ಟೆ ಹೊರಗೆ ಬರಲೇ ಇಲ್ಲ. ಗುಟ್ಟು ಉಳಿಯಿತು, ಅಲ್ವಾ?

ಈಗ ನೀವು ಒಂದೊಂದನ್ನೇ ಆರ್ಡರ್ ಮಾಡುತ್ತೀರಿ. ಇಡ್ಲಿಗೆ ಹತ್ತು ನಿಮಿಷ. ದೋಸೆಗೆ ಹತ್ತು ನಿಮಿಷ. ಪೂರಿ ಮಾತ್ರ ಎರಡೇ ನಿಮಿಷಕ್ಕೆ ಬಂತು. ಯಾಕೆಂದರೆ ಬಾಂಡಲಿಯಲ್ಲಿ ಎಣ್ಣೆ ಆಗಲೇ ಕಾದಿತ್ತು. ಫ್ಯಾಮಿಲಿ ರೂಮಿನವರು ತಿಂದಿದ್ದು ಪೂರಿ. ಯಾರೂ ನಿಮಗೆ ಹೇಳಲಿಲ್ಲ, ಆದರೂ ಗೊತ್ತಾಯಿತು.

ಪ್ರೊಸೆಸರಿನಲ್ಲಿ ಆ ಬಿಸಿ ಬಾಂಡಲಿ ಅಂದರೆ ಕ್ಯಾಶ್, ಚಿಪ್ಪಿನೊಳಗಿನ ಪುಟ್ಟ, ವೇಗದ ಮೆಮೊರಿ. ಅಲ್ಲಿರುವುದನ್ನು ತರಲು ಕೆಲವೇ ನ್ಯಾನೊಸೆಕೆಂಡ್ ಸಾಕು. ಹೊರಗಿನ ರ್‍ಯಾಮ್‌ನಿಂದ ತರಲು ಹತ್ತಾರು ಪಟ್ಟು ಜಾಸ್ತಿ ಹೊತ್ತು ಬೇಕು. ಈ ವ್ಯತ್ಯಾಸ ಅಳೆದು ಗುಟ್ಟು ಕದಿಯುವ ವಿದ್ಯೆ ಹಳೆಯದೇ. ತಪ್ಪು ಊಹೆಯ ಫಲಿತಾಂಶವನ್ನು ಪ್ರೊಸೆಸರ್ ಅಳಿಸುತ್ತದೆ, ಕ್ಯಾಶ್‌ನಲ್ಲಿ ಉಳಿದ ಬಿಸಿಯನ್ನು ಅಳಿಸುವುದಿಲ್ಲ.

ಎಎಮ್‌ಡಿ ಹೇಳುತ್ತಿರುವುದು, ನಮ್ಮ ಹೋಟೆಲಿನಲ್ಲಿ ಮ್ಯಾನೇಜರನ್ನು ಕೇಳದೆ ಒಲೆ ಹಚ್ಚುವುದೇ ಇಲ್ಲ ಎಂದು. ಹಾಗಾದರೆ ಇಂಟೆಲ್‌ನ ಹೋಟೆಲಿನಲ್ಲಿ ಮೊದಲು ಒಲೆ, ಆಮೇಲೆ ಮ್ಯಾನೇಜರ್ ಎಂದಾಯಿತಲ್ಲ? ಆಂಡರ್ಸ್ ಫಾಗ್ ಎಂಬ ಸಂಶೋಧಕರು ಕಳೆದ ಜುಲೈನಲ್ಲೇ ಇಂಥ ಪ್ರಯೋಗ ಮಾಡಿದ್ದರು. ಕರ್ನಲ್ ಮೆಮೊರಿಯನ್ನು ಓದಲು ಅವರಿಗೆ ಆಗಲಿಲ್ಲ. ಅನುಮತಿ ಇಲ್ಲದ ಕಡೆಯೂ ಇಂಟೆಲ್ ಚಿಪ್ಪಿನ ಊಹೆಯ ಕೆಲಸ ಮುಂದುವರಿಯುತ್ತದೆ ಎನ್ನುವುದನ್ನು ಮಾತ್ರ ಕಂಡರು, ಸೋತ ಪ್ರಯೋಗವನ್ನು ಪ್ರಾಮಾಣಿಕವಾಗಿ ಬರೆದಿಟ್ಟರು. ಅವರು ಬಿಟ್ಟ ಜಾಗದಿಂದ ಇನ್ನಾರೋ ಮುಂದೆ ಹೋಗಿ ಗೆದ್ದಿರಬೇಕು. ಕರ್ನಲ್ ಬಳಗದ ಅವಸರಕ್ಕೆ ಸರಿಹೊಂದುವ ವಿವರಣೆ ಸದ್ಯಕ್ಕೆ ಇದೊಂದೇ.

ಎಎಮ್‌ಡಿ ಬಚಾವಾಯಿತೇ?

ಇಲ್ಲಿ ಸ್ವಲ್ಪ ನಿಂತು ಓದಬೇಕು. 'ಈ ತಿದ್ದುಪಡಿ ತಡೆಯುವ ಬಗೆಯ ದಾಳಿಗಳು' ತಮಗೆ ತಾಗುವುದಿಲ್ಲ ಎಂದಷ್ಟೇ ಎಎಮ್‌ಡಿ ಬರೆದಿದೆ. ವಕೀಲರು ಬರೆದ ಕರಾರುಪತ್ರದ ಹಾಗೆ ಅಳೆದು ತೂಗಿದ ಮಾತು. ಊಹೆಯ ಮೇಲೆ ಓಡುವುದು ಎಲ್ಲ ಕಂಪನಿಗಳ ಚಿಪ್‌ಗಳೂ ಮಾಡುವ ಕೆಲಸ. ಕರ್ನಲ್ ಗೋಡೆ ದಾಟುವ ದಾಳಿಯೊಂದನ್ನು ತಡೆದರೆ ಬೇರೆ ಬಗೆಯವು ಇಲ್ಲವೆಂದು ಹೇಳಿದಂತಾಗುವುದಿಲ್ಲ.

ಇನ್ನೊಂದು ಸುಳಿವಂತೂ ಸುದ್ದಿಯಲ್ಲಿ ಕಾಣುತ್ತಲೇ ಇಲ್ಲ. ಮೊಬೈಲ್‌ಗಳಲ್ಲಿರುವ 64 ಬಿಟ್ ಆರ್ಮ್ ಚಿಪ್‌ಗಳಿಗೂ ಇಂಥದ್ದೇ ಪ್ಯಾಚ್‌ಗಳನ್ನು ನವೆಂಬರಿನಲ್ಲೇ ಮುಂದಿಟ್ಟಿದ್ದಾರೆ. ವಿಂಡೋಸ್‌ನ ಪರೀಕ್ಷಾ ಆವೃತ್ತಿಗಳಲ್ಲೂ ಕರ್ನಲ್ಲನ್ನು ಬೇರೆ ಮಾಡುವ ಕೆಲಸ ಅದೇ ತಿಂಗಳು ಕಾಣಿಸಿಕೊಂಡಿತು. ಬರೀ ಇಂಟೆಲ್ ತಲೆನೋವಾಗಿದ್ದರೆ ಆರ್ಮ್‌ನವರು ಮೈಮೇಲೆ ಎಳೆದುಕೊಳ್ಳುತ್ತಿರಲಿಲ್ಲ. 'ಇಂಟೆಲ್ ದೋಷ' ಎಂಬ ತಲೆಬರಹ ಅರ್ಧ ಸತ್ಯ ಆಗುವ ಸಾಧ್ಯತೆ ಜಾಸ್ತಿ ಇದೆ.

ಬಿಲ್ ಯಾರ ತಲೆಗೆ?

ಶೇ 30 ಎಂಬ ಅಂಕಿ ಎಲ್ಲರಿಗೂ ಅಲ್ಲ. ನಮ್ಮ ತಾಲೂಕು ಕಚೇರಿಗೇ ವಾಪಸ್ ಬನ್ನಿ. ಒಂದು ಕಡತ ತರಿಸಿಕೊಂಡು ಮಧ್ಯಾಹ್ನದವರೆಗೆ ಓದುವವನಿಗೆ ಬೀರು ಎಷ್ಟು ದೂರ ಇದ್ದರೇನು? ನಿಮಿಷಕ್ಕೊಂದು ಚೀಟಿ ಕೊಡುವವನಿಗೇ ಕಷ್ಟ. ಗೇಮ್ ಆಡುವವರು, ವಿಡಿಯೊ ನೋಡುವವರು, ಪತ್ರ ಟೈಪ್ ಮಾಡುವವರಿಗೆ ಗೊತ್ತೇ ಆಗದಿರಬಹುದು. ಮಂಡ್ಯದ ಒಂದು ಸಹಕಾರ ಸಂಘ ದಿನಕ್ಕೆ ನೂರು ರಸೀದಿ ಹಾಕುವ ಕಂಪ್ಯೂಟರಿಗೂ ಅಷ್ಟೆ. ಆದರೆ ಸಣ್ಣ ಸಣ್ಣ ಬೇಡಿಕೆಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಕಳಿಸುವ ಡೇಟಾಬೇಸ್, ಫೈಲ್ ಸರ್ವರ್, ನೆಟ್‌ವರ್ಕ್ ಕೆಲಸಗಳು ಏದುಸಿರು ಬಿಡುತ್ತವೆ. ಪೋಸ್ಟ್‌ಗ್ರೆ ಡೇಟಾಬೇಸಿನ ಮೇಲೆ ಮಾಡಿದ ಒಂದು ಕಠಿಣ ಪರೀಕ್ಷೆಯಲ್ಲಿ ಪಿಸಿಐಡಿ ಇದ್ದಾಗ ಸುಮಾರು ಶೇ 17, ಇಲ್ಲದಿದ್ದಾಗ ಶೇ 23ರ ಹೊಡೆತ ಕಂಡಿದೆ.

ಒಂದು ಚಿಕ್ಕ ಲೆಕ್ಕ. ಹತ್ತು ಬಾಡಿಗೆ ಸರ್ವರ್‌ಗಳನ್ನು ಪೂರ್ತಿ ದುಡಿಸಿಕೊಳ್ಳುವ ಕಂಪನಿ ಇದೆ ಅನ್ನಿ. ಪ್ರತಿಯೊಂದೂ ಶೇ 20ರಷ್ಟು ಕಡಿಮೆ ಕೆಲಸ ಮಾಡಿದರೆ, ಅಷ್ಟೇ ಕೆಲಸಕ್ಕೆ ಹನ್ನೆರಡೂವರೆ ಬೇಕು. ಅರ್ಧ ಸರ್ವರ್ ಸಿಗುವುದಿಲ್ಲ, ಹದಿಮೂರು ತೆಗೆದುಕೊಳ್ಳಬೇಕು. ಕ್ಲೌಡ್‌ನಲ್ಲಿ ಬಾಡಿಗೆ ಗಂಟೆಯ ಲೆಕ್ಕ, ಚಿಪ್ ನಿಧಾನವಾದರೆ ಮೀಟರ್ ಜಾಸ್ತಿ ಓಡುತ್ತದೆ.

1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್ಪು ಭಾಗಾಕಾರದಲ್ಲಿ ತಪ್ಪು ಮಾಡುತ್ತದೆ ಎಂದು ಬಯಲಾದಾಗ ಏನಾಯಿತು? ಮೊದಲು ಹಿಂದೆಮುಂದೆ ನೋಡಿದ ಕಂಪನಿ ಕೊನೆಗೆ ಚಿಪ್ ಬದಲಿಸಿಕೊಡಲು ಒಪ್ಪಿತು, 47.5 ಕೋಟಿ ಡಾಲರ್ ನಷ್ಟ ತೋರಿಸಿತು. ತಪ್ಪು ಮಾಡಿದವರೇ ದುಡ್ಡು ಕೊಟ್ಟರು. ಈಗಿನ ದೋಷ ಹತ್ತು ವರ್ಷದ ಚಿಪ್‌ಗಳಲ್ಲಿದ್ದರೆ ಬದಲಿಸಿಕೊಡುವ ಮಾತೇ ಇಲ್ಲ. ಚಿಪ್ಪಿನ ತಪ್ಪನ್ನು ಕರ್ನಲ್ ಹೊತ್ತುಕೊಂಡಿದೆ, ಕರ್ನಲ್ ಅದನ್ನು ಬಳಸುವವರ ಮೇಲೆ ಇಳಿಸಿದೆ. ಬೇರೆ ದಾರಿ ಇರಲಿಲ್ಲ ಎನ್ನುವುದು ನಿಜ. ನ್ಯಾಯ ಅಂತೂ ಅಲ್ಲ.

ಭಯ ಜಾಸ್ತಿ ಇರುವುದೂ ಕ್ಲೌಡ್‌ನಲ್ಲೇ. ಅಲ್ಲಿ ಒಂದೇ ಮಷೀನಿನಲ್ಲಿ ಗುರುತು ಪರಿಚಯ ಇಲ್ಲದ ಹತ್ತಾರು ಕಂಪನಿಗಳು ವಠಾರದ ಹಾಗೆ ಬಾಡಿಗೆಗೆ ಇರುತ್ತವೆ. ಗೋಡೆಯ ಮೂಲಕ ಪಕ್ಕದ ಮನೆಯ ಪಾಸ್‌ವರ್ಡ್ ಓದಬಹುದು ಎಂದಾದರೆ ಆ ವ್ಯಾಪಾರದ ಬುಡವೇ ಅಲ್ಲಾಡುತ್ತದೆ. ರೀಬೂಟ್‌ಗಳ ಅವಸರ ಇದಕ್ಕೇ ಎಂದು ಊಹಿಸುವುದು ಕಷ್ಟವಲ್ಲ.

ಗುಟ್ಟು ಇಡುವುದು ಸರಿಯೇ?

ದೋಷ ಕಂಡವರು ಮೊದಲು ತಯಾರಕರಿಗೆ ತಿಳಿಸಿ, ಮದ್ದು ಸಿದ್ಧವಾಗುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಈ ಕ್ಷೇತ್ರದ ರೂಢಿ. ಇದಕ್ಕೆ ಎಂಬಾರ್ಗೋ ಅನ್ನುತ್ತಾರೆ. ಮೊದಲೇ ಹೇಳಿದರೆ ಕಳ್ಳರಿಗೂ ಗೊತ್ತಾಗುತ್ತದೆ, ಜನ ಬರಿಗೈಯಲ್ಲಿ ನಿಂತಿರುತ್ತಾರೆ ಎನ್ನುವುದು ಅದರ ಪರ ವಾದ. ಕೋಟಿಗಟ್ಟಲೆ ಚಿಪ್‌ಗಳ ವಿಷಯದಲ್ಲಿ ಇದನ್ನು ತಳ್ಳಿಹಾಕೋಕೆ ಆಗಲ್ಲ.

ಎದುರು ವಾದಕ್ಕೂ ತೂಕ ಇದೆ. ಗುಟ್ಟಿನ ವಲಯದೊಳಗೆ ಇರುವವರು ಯಾರು? ದೊಡ್ಡ ಕ್ಲೌಡ್ ಕಂಪನಿಗಳು ಈಗಾಗಲೇ ರೀಬೂಟಿನ ದಿನ ಗೊತ್ತು ಮಾಡಿವೆ ಅಂದರೆ ಅವರಿಗೆ ಮುಂಚೆಯೇ ತಿಳಿದಿದೆ. ನಾಲ್ಕು ರ್‍ಯಾಕ್ ಇಟ್ಟುಕೊಂಡು ಊರಿನ ಶಾಲೆಗಳಿಗೆ, ಅಂಗಡಿಗಳಿಗೆ ವೆಬ್‌ಸೈಟ್ ನಡೆಸಿಕೊಡುವ ಸಣ್ಣವರಿಗೆ ಎಲ್ಲರ ಜೊತೆಗೇ ತಿಳಿಯುತ್ತದೆ, ಕಳ್ಳರ ಜೊತೆಗೂ. ಅಕ್ಟೋಬರಿನಲ್ಲಿ ವೈಫೈನ ಕ್ರ್ಯಾಕ್ ದೋಷ ಬಯಲಾದಾಗಲೂ ಇದೇ ಜಗಳ ಆಗಿತ್ತು. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನವರು ಗಡುವಿಗೆ ಮುಂಚೆ ಪ್ಯಾಚ್ ಹಾಕಿದ್ದು ಸರಿಯೋ ತಪ್ಪೋ ಅಂತ.

ಈ ಸಲ ಇನ್ನೊಂದು ಗೊಂದಲ ಸೇರಿದೆ. ಎಲ್ಲರೂ ಓದಬಹುದಾದ ಕೋಡಿನಲ್ಲಿ ಗುಟ್ಟಿನ ಪ್ಯಾಚ್ ಹಾಕುವುದು, ಗಾಜಿನ ಡಬ್ಬಿಯಲ್ಲಿ ಚಕ್ಕುಲಿ ಬಚ್ಚಿಟ್ಟ ಹಾಗೆ. ಟಿಪ್ಪಣಿಗಳನ್ನು ತೆಗೆದರೂ, ಕಾರಣ ಬರೆಯದಿದ್ದರೂ, ಏನು ಎಲ್ಲಿಗೆ ಸರಿಯಿತು ಎಂದು ನೋಡಿದರೆ ಸಾಕು. ಈ ಲೇಖನದಲ್ಲಿ ಜೋಡಿಸಿದ ಸುಳಿವುಗಳೆಲ್ಲ ಅಲ್ಲಿಂದಲೇ ಬಂದವು. ಕೆಟ್ಟ ಉದ್ದೇಶ ಇರುವವರೂ ಇದನ್ನೇ ಓದುತ್ತಿದ್ದಾರೆ. ಗುಟ್ಟು ಇಷ್ಟು ತೆಳ್ಳಗಾದ ಮೇಲೆ ಅದನ್ನು ಇನ್ನೂ ಎಳೆಯುವುದರಲ್ಲಿ ಅರ್ಥ ಕಾಣುವುದಿಲ್ಲ.

ಮುಂದಿನ ಕೆಲವು ದಿನ

ಜನವರಿ 9, ಮಂಗಳವಾರ, ಮೈಕ್ರೋಸಾಫ್ಟ್‌ನ ತಿಂಗಳ ಅಪ್‌ಡೇಟಿನ ದಿನ. ಗುಟ್ಟು ಆ ಹೊತ್ತಿಗೆ ಹೊರಬರಬಹುದು ಎಂದು ಅನೇಕರ ಲೆಕ್ಕ. ಸುದ್ದಿ ಓಡುತ್ತಿರುವ ವೇಗ ನೋಡಿದರೆ ಅಲ್ಲಿಯವರೆಗೂ ನಿಲ್ಲುವಂತೆ ಕಾಣದು.

ಅಷ್ಟರಲ್ಲಿ ಮಾಡುವುದು ಕಡಿಮೆ. ಸರ್ವರ್ ನಡೆಸುವವರು ಬ್ಯಾಕಪ್ ತೆಗೆದಿಟ್ಟು, ಈಗಿನ ವೇಗ ಎಷ್ಟಿದೆ ಅಂತ ಅಳೆದು ಬರೆದಿಟ್ಟುಕೊಳ್ಳಲಿ. ಅಪ್‌ಡೇಟ್ ಆದಮೇಲೆ ಹೋಲಿಸೋಕೆ ಬೇಕಾಗುತ್ತದೆ. ಬೂಟ್ ಆಗುವಾಗ 'ನೋ ಪಿಟಿಐ' ಎಂದು ಕೊಟ್ಟು ಈ ರಕ್ಷಣೆಯನ್ನು ಬಂದ್ ಮಾಡುವ ದಾರಿ ಇದೆ. ಹೊರಗಿನವರ ಕೋಡ್ ಓಡದ, ಬ್ರೌಸರ್ ತೆರೆಯದ ಮಷೀನನ್ನು ಬಿಟ್ಟು ಬೇರೆಲ್ಲೂ ಅದರ ಸಹವಾಸ ಬೇಡ. ವೆಬ್ ಪುಟದೊಳಗಿನ ಜಾವಾಸ್ಕ್ರಿಪ್ಟ್ ಕೂಡ ಹೊರಗಿನವರ ಕೋಡೇ ಅನ್ನೋದು ಮರೆಯುವಂತಿಲ್ಲ. ಮನೆಯವರು ಅಪ್‌ಡೇಟ್ ಬಂದಾಗ ಹಾಕಿಕೊಂಡರೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ 'ಇಂಟೆಲ್ ಪ್ಯಾಚ್' ಅಂತ ಫೈಲ್ ಬಂದರೆ ಮುಟ್ಟಬೇಡಿ.

ಲಿನಕ್ಸ್ ಬಳಸುವವರು 4.14.11 ಹಾಕಿಕೊಂಡ ಇಂಟೆಲ್ ಮಷೀನಿನಲ್ಲಿ ಪ್ರೊಸೆಸರಿನ ವಿವರ ತೆಗೆದು ನೋಡಬಹುದು. ಈ ಚಿಪ್ಪಿನಲ್ಲಿ ಗೊತ್ತಿರುವ ದೋಷಗಳು ಎನ್ನುವ ಸಾಲಿನಲ್ಲಿ ಹೊಸದೊಂದು ಪದ ಸೇರಿರುತ್ತದೆ: 'ಸಿಪಿಯು ಇನ್‌ಸೆಕ್ಯೂರ್'. ಸದ್ಯಕ್ಕೆ ಕಾಯಿಲೆಗೆ ಇಟ್ಟಿರುವ ಹೆಸರು ಅಷ್ಟೇ.